ಮುಟ್ಟಿತು ಎಂದರೆ ಯಾರ ಕೈಗೆ ಮುಟ್ಟಿತು?

ಹುಬ್ಬಳ್ಳಿಯ ಒಂದು ಪ್ರೌಢಶಾಲೆಯ ಪ್ರಯೋಗಾಲಯದ ನೆಲದ ಮೇಲೆ ಈಗ ಆಸ್ಪತ್ರೆಯೊಂದು ಹಾಸಿಕೊಂಡು ಬಿದ್ದಿದೆ. 8 ಅಡಿ ಉದ್ದ, 4 ಅಡಿ ಅಗಲದ ಫ್ಲೆಕ್ಸ್ ಮೇಲೆ ಔಷಧಿ ಸ್ಟೋರು, ಲ್ಯಾಬು, ಮೂರು ವಾರ್ಡುಗಳು ಮತ್ತು ಅವನ್ನು ಜೋಡಿಸುವ ಕಪ್ಪು ಗೆರೆಯ ಕಾರಿಡಾರುಗಳನ್ನು ಮುದ್ರಿಸಿ ತಂದಿದ್ದೇವೆ. ಬೆಂಕಿಪೊಟ್ಟಣವೆಂದರೆ ಔಷಧಿ, ಕೆಂಪು ಮುಚ್ಚಳದ ಪುಟ್ಟ ಶೀಶೆಯೆಂದರೆ ರಕ್ತದ ಮಾದರಿ. ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗಿ, ಒಂಬತ್ತನೆಯ ತರಗತಿಯ ಮಕ್ಕಳಿಗೆ ಎರಡು ಚಕ್ರದ ರೋಬೋಟ್‌ಗಳನ್ನು ಪ್ರೋಗ್ರಾಂ ಮಾಡುವುದನ್ನು ಹೇಳಿಕೊಡುತ್ತೇನೆ. ಸ್ಟೋರಿನಿಂದ ಔಷಧಿ ಹೊತ್ತು ಹೇಳಿದ ವಾರ್ಡಿಗೆ ಮುಟ್ಟಿಸಿ ಬರುವುದು ಈ ಸಲದ ಕೆಲಸ.

ಮೊದಲ ವಾರವೆಲ್ಲ ತಿರುವಿನಲ್ಲೇ ಕಳೆಯಿತು. ಮಕ್ಕಳು ಬರೆದದ್ದು ಸರಳವಾಗಿತ್ತು: ಕವಲು ಬಂದಾಗ ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ, 600 ಮಿಲಿಸೆಕೆಂಡು. ಆರಂಭದಲ್ಲಿ ಅದು ಅಚ್ಚುಕಟ್ಟಾಗಿ 90 ಡಿಗ್ರಿ ತಿರುಗಿತು. ಒಂದು ತಾಸು ಕಳೆಯುವುದರೊಳಗೆ ಒಬ್ಬ ಹುಡುಗ ಬಂದು, “ಆಗಳೆ ಬರೋಬ್ಬರಿ ಹೊಳ್ಳತಿತ್ರಿ ಸರ್, ಈಗ ಗ್ವಾಡಿಗೆ ಹೊಂಟೈತಿ ನೋಡ್ರಿ” ಎಂದ. ಕೋಡಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ, ಇಳಿದದ್ದು ಬ್ಯಾಟರಿ. ಪೂರ್ತಿ ಚಾರ್ಜ್ ಆದಾಗ ಎರಡು ಲಿಥಿಯಂ ಸೆಲ್ಲುಗಳು ಸೇರಿ 8.4 ವೋಲ್ಟ್ ಕೊಡುತ್ತವೆ, ಓಡಿದಂತೆಲ್ಲ ಅದು 7.4ರ ಕಡೆಗೆ ಇಳಿಯುತ್ತದೆ. ಅದರಲ್ಲೂ ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹಾಯಿಸುವ ಎಲ್298ಎನ್ ಎಂಬ ಮೋಟಾರ್ ಡ್ರೈವರ್ ತನ್ನ ಪಾಲಿಗೆ ಸುಮಾರು 2 ವೋಲ್ಟ್ ನುಂಗಿಕೊಳ್ಳುವುದರಿಂದ ಮೋಟಾರಿಗೆ ಉಳಿಯುವುದೇ ಕಡಿಮೆ. ಅಷ್ಟೇ ಹೊತ್ತಿನಲ್ಲಿ ಚಕ್ರ ಕಡಿಮೆ ಉರುಳಿದರೆ ತಿರುವೂ ಕಡಿಮೆಯಾಗುವುದು ಸಹಜ.

ಆದ್ದರಿಂದ ಹೊತ್ತನ್ನು ಬಿಟ್ಟು ಚಕ್ರದ ಸುತ್ತನ್ನೇ ಎಣಿಸಲು ಹೊರಟೆವು. ಚಕ್ರದ ವ್ಯಾಸ 65 ಮಿ.ಮೀ. ಇರುವುದರಿಂದ ಒಂದು ಸುತ್ತಿಗೆ ಅದು 204 ಮಿ.ಮೀ. ಉರುಳುತ್ತದೆ. ಚಕ್ರದೊಡನೆ ತಿರುಗುವ ಪಕ್ಕದ ಬಿಲ್ಲೆಯಲ್ಲಿ ಸೆನ್ಸರ್ ಎಣಿಸುವ 20 ಸೀಳುಗಳಿರುವುದರಿಂದ ಒಂದು ಸೀಳಿಗೆ 10.2 ಮಿ.ಮೀ. ಎರಡು ಚಕ್ರಗಳ ನಡುವಿನ ಅಂತರ 130 ಮಿ.ಮೀ. ಇದ್ದು, ನಿಂತಲ್ಲೇ ಕಾಲು ಸುತ್ತು ತಿರುಗಲು ಪ್ರತಿ ಚಕ್ರವೂ 102 ಮಿ.ಮೀ. ಉರುಳಬೇಕು, ಅಂದರೆ ಸರಿಯಾಗಿ 10 ಸೀಳು. ಕರಿಹಲಗೆಯ ಮೇಲೆ ಈ ಹತ್ತು ಬಂದಾಗ ಮಕ್ಕಳ ಮುಖ ನೋಡಬೇಕಿತ್ತು. ವೃತ್ತದ ಪರಿಧಿಯ ಸೂತ್ರವನ್ನು ಪರೀಕ್ಷೆಗಲ್ಲದೆ ಬೇರೊಂದಕ್ಕೆ ಬಳಸಿದ್ದು ಅವರಿಗೆ ಅದೇ ಮೊದಲಂತೆ. ರೋಬೋಟಿನ ಮಿದುಳಾದ ಆರ್ಡುಯಿನೋ ಊನೋ ಬೋರ್ಡಿನಲ್ಲಿ ಇಂಥ ಎಣಿಕೆಗೆ ಒದಗುವ, ಅಂದರೆ ಬೇರೆ ಕೆಲಸದ ನಡುವೆಯೂ ಪ್ರತಿ ಸೀಳನ್ನು ಗಮನಿಸುವ ಇಂಟರಪ್ಟ್ ಪಿನ್ನುಗಳು 2 ಮತ್ತು 3, ಎರಡೇ. ನಮಗಿದ್ದವೂ ಎರಡೇ ಚಕ್ರ. ಆದರೂ ಎರಡೂ ಕಡೆ ಒಂದೊಂದು ಸೀಳು ತಪ್ಪಿದರೆ ದಿಕ್ಕು 9 ಡಿಗ್ರಿ ಓರೆಯಾಗುತ್ತದೆ, ಮುಂದೆ ಒಂದು ಮೀಟರ್ ಹೋಗುವಷ್ಟರಲ್ಲಿ ರೋಬೋಟ್ 16 ಸೆಂ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಹಾಗಾಗಿ ತಿರುಗಿದ ಮೇಲೆ ಮತ್ತೆ ಕಪ್ಪು ಗೆರೆಯನ್ನು ಹುಡುಕಿಕೊಳ್ಳುವ ನಾಲ್ಕು ಸಾಲು ಸೇರಿಸಿದೆವು. ಫ್ಲೆಕ್ಸಿನ ಹೊಳಪಿನ ಮೇಲೆ ಕಿಟಕಿಯ ಬಿಸಿಲು ಬಿದ್ದು ಗೆರೆ ಓದುವ ಸೆನ್ಸರುಗಳಿಗೆ ಕಣ್ಣು ಕತ್ತಲಿಟ್ಟದ್ದು ಬೇರೆ ಕಥೆ. ಅದಕ್ಕೆ ಪರದೆ ಎಳೆದೆವು, ಮುಗಿಯಿತು.

ಎರಡನೆಯ ವಾರ ಎಲ್ಲ ತಂಡಗಳ ರೋಬೋಟ್‌ಗಳೂ ವಾರ್ಡು ತಲುಪಿ, ಬಝರ್ ಬಾರಿಸಿ, ಹಿಂದಿರುಗಿದವು. ಕೆಲಸವಾಯಿತು ಎಂದುಕೊಂಡು ಅದರ ವಿಡಿಯೋವನ್ನು ನಮ್ಮ ಅಕ್ಕನಿಗೆ ತೋರಿಸಿದೆ. ಅವಳು ದೊಡ್ಡ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷಗಳಿಂದ ಸ್ಟಾಫ್ ನರ್ಸ್. ಎರಡು ಸಲ ನೋಡಿ, “ವಾರ್ಡಿನ್ಯಾಗ ಇಟ್ಟು ಬಂದ್ರ ಮುಟ್ಟಿಸಿದಂಗ ಆಗೂದಿಲ್ಲೋ ತಮ್ಮಾ. ಯಾರ ಕೈಯಾಗ ಕೊಟ್ಟಿ, ಅವರ ಸಹಿ ಎಲ್ಲೈತಿ ಅಂತ ಕೇಳತಾರ” ಎಂದಳು. ವಾರ್ಡಿನ ಸಿಸ್ಟರ್ ಇಂಡೆಂಟ್ ಪುಸ್ತಕದಲ್ಲಿ ಬೇಕಾದ ಔಷಧಿಗಳನ್ನು ಬರೆದು ಕಳಿಸುವುದು, ಸ್ಟೋರಿನವರು ಎಣಿಸಿ ಕೊಡುವುದು, ವಾರ್ಡಿನಲ್ಲಿ ಮತ್ತೆ ಎಣಿಸಿ ಸಹಿ ಹಾಕುವುದು, ಇಷ್ಟೂ ಆದ ಮೇಲೆಯೇ ಆ ಔಷಧಿ ಮುಟ್ಟಿದ್ದೆಂದು ಲೆಕ್ಕ. ನಮ್ಮ ಕೋಡಿನಲ್ಲಿ ಓಡಾಟವೊಂದೇ ಇತ್ತು, ಕೊಟ್ಟು ತೆಗೆದುಕೊಳ್ಳುವುದು ಇರಲೇ ಇಲ್ಲ.

ಆಸ್ಪತ್ರೆಯಲ್ಲಿ ಸಾಮಾನು ಹೊರುವ ರೋಬೋಟ್ ಹೊಸದೇನೂ ಅಲ್ಲ. 1961ರಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆಗೆ ಯೂನಿಮೇಟ್ ಎಂಬ ಕೈಗಾರಿಕಾ ರೋಬೋಟನ್ನು ಇಳಿಸಿದ ಜೋಸೆಫ್ ಎಂಗೆಲ್‌ಬರ್ಗರ್ ಅವರೇ ಮುಂದೆ ಹೆಲ್ಪ್‌ಮೇಟ್ ಎಂಬುದನ್ನು ಮಾಡಿಸಿ, 1980ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯಾನ್‌ಬರಿ ಆಸ್ಪತ್ರೆಯಲ್ಲಿ ರೋಗಿಗಳ ಊಟದ ತಟ್ಟೆಗಳನ್ನು ಸಾಗಿಸಲು ಬಿಟ್ಟರು. ಅದು ವೈರ್‌ಲೆಸ್ ಮೂಲಕ ಲಿಫ್ಟನ್ನೂ ಕರೆದುಕೊಳ್ಳುತ್ತಿತ್ತು. ಇದನ್ನು ಹೇಳಿದಾಗ ಮಕ್ಕಳು ಕೇಳಿದ್ದು ಲಿಫ್ಟಿನ ಬಗ್ಗೆ ಅಲ್ಲ, ರೋಗಿ ಮಲಗಿದ್ದರೆ ತಟ್ಟೆಯನ್ನು ಯಾರು ತೆಗೆದುಕೊಳ್ಳುತ್ತಿದ್ದರು ಎಂದು. ಅಕ್ಕನ ಮಾತು ಆಗಲೇ ತಲೆಗೆ ಹೊಕ್ಕಿತ್ತು.

ಮೂರನೆಯ ವಾರ ಟ್ರೇ ಕೆಳಗೆ ಒಂದು ಸಣ್ಣ ಸ್ವಿಚ್ ಕೂರಿಸಿದೆವು, ಬೆಂಕಿಪೊಟ್ಟಣ ಎತ್ತಿದರೆ ಅದು ಮೇಲೇಳುತ್ತದೆ. ಹಾದಿಯಲ್ಲೇ ಒಬ್ಬ ತುಂಟ ಪೊಟ್ಟಣ ಎತ್ತಿಕೊಂಡ, ರೋಬೋಟ್ ‘ಮುಟ್ಟಿತು’ ಎಂದು ಬಗೆದು ಹಿಂದಿರುಗಿತು. ಆಮೇಲೆ ಹತ್ತಿರ ಹಿಡಿದ ಕಾರ್ಡನ್ನು ಗುರುತಿಸುವ 13.56 ಮೆಗಾಹರ್ಟ್ಸ್‌ನ ಆರ್‌ಎಫ್‌ಐಡಿ ರೀಡರ್ ಹಚ್ಚಿ ವಾರ್ಡಿಗೊಂದು ಕಾರ್ಡ್ ಕೊಟ್ಟೆವು: ಸರಿಯಾದ ವಾರ್ಡು, ಸರಿಯಾದ ಕಾರ್ಡು, ಖಾಲಿ ಟ್ರೇ, ಮೂರೂ ಕೂಡಿದರೆ ಮಾತ್ರ ಮುಟ್ಟಿದ್ದು. ಇಲ್ಲೂ ಒಂದು ತೊಡಕು ಬಂತು. ಬಝರ್ ಬಾರಿಸಲು ಡಿಲೇ ಎಂಬ ಆಜ್ಞೆ ಬಳಸಿದ್ದರು, ಆ ಹೊತ್ತಿನಲ್ಲಿ ಬೋರ್ಡು ಕಾರ್ಡಿನತ್ತ ತಿರುಗಿಯೂ ನೋಡುವುದಿಲ್ಲ. ಗಡಿಯಾರ ನೋಡುತ್ತಲೇ ಬೇರೆ ಕೆಲಸ ಮಾಡುವಂತೆ ಮಿಲ್ಲಿಸ್ ಎಂಬ ಆಜ್ಞೆ ಬಳಸಿ ಪ್ರೋಗ್ರಾಮನ್ನು ಪೂರ್ತಿ ಬಿಚ್ಚಿ ಕಟ್ಟಬೇಕಾಯಿತು. ಮೂರು ವಾರಗಳ ನಿಜವಾದ ಕಲಿಕೆ ಇಲ್ಲಿಯೇ ಆಯಿತೆಂದು ನನ್ನ ಅನಿಸಿಕೆ.

ಯಾರೂ ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು ಎಂಬುದರ ಮೇಲೆ ದೊಡ್ಡ ವಾದವೇ ನಡೆಯಿತು. ಔಷಧಿಯಾದರೆ 3 ನಿಮಿಷ ಕಾದು ಸ್ಟೋರಿಗೆ ಮರಳಬಹುದು. ರಕ್ತದ ಮಾದರಿಯನ್ನು ಹಾಗೆ ಸುತ್ತಾಡಿಸುವಂತಿಲ್ಲ, ಏಕೆಂದರೆ ಸಾದಾ ಟ್ಯೂಬಿನಲ್ಲಿ ಹಾಗೇ ಬಿಟ್ಟ ರಕ್ತದ ಗ್ಲೂಕೋಸನ್ನು ಅದರ ಕಣಗಳೇ ಗಂಟೆಗೆ ಶೇ. 5ರಿಂದ 7ರಷ್ಟು ತಿಂದು ಹಾಕುತ್ತವೆ. ಆದ್ದರಿಂದ ಕೆಂಪು ಮುಚ್ಚಳ ಹೊತ್ತ ರೋಬೋಟ್ ಲ್ಯಾಬಿನ ಬಾಗಿಲಲ್ಲೇ ನಿಂತು, ಯಾರಾದರೂ ಬರುವ ತನಕ ಒದರುತ್ತಿರಬೇಕೆಂದು ಒಬ್ಬ ಹುಡುಗಿ ಬರೆದಳು.

ಕಳೆದ ಶನಿವಾರ ಅಕ್ಕನೇ ಬಂದು ಎರಡನೆಯ ವಾರ್ಡಿನ ಬಳಿ ಕುಳಿತಳು, ಬೇಕೆಂದೇ ಕಾರ್ಡನ್ನು ಪರ್ಸಿನಲ್ಲಿ ಮುಚ್ಚಿಟ್ಟುಕೊಂಡು. ರೋಬೋಟ್ 3 ನಿಮಿಷ ಕಾದು, ಬಝರ್ ಬಾರಿಸಿ, ಪೊಟ್ಟಣ ಹೊತ್ತುಕೊಂಡೇ ಮರಳಿ ಹೊರಟಿತು. ಅದೇ ಗೆರೆಯ ಮೇಲೆ ಎದುರಿನಿಂದ ಇನ್ನೊಂದು ತಂಡದ ರೋಬೋಟ್ ಶೀಶೆ ಹೊತ್ತು ಬರುತ್ತಿತ್ತು. 15 ಸೆಂ.ಮೀ. ಒಳಗೆ ಏನಾದರೂ ಕಂಡರೆ ಅದು ಸರಿಯುವ ತನಕ ನಿಲ್ಲು ಎಂದು ಎರಡಕ್ಕೂ ಬರೆದಿತ್ತು. ಎರಡೂ ನಿಂತವು, ಒಂದರ ಮುಖ ಒಂದು ನೋಡುತ್ತ. ಅಕ್ಕ ನಕ್ಕು, “ನಮ್ಮಲ್ಲೆ ಸ್ಟ್ರೆಚರ್ ಬಂತಂದ್ರ ಎಲ್ಲಾರೂ ಬಾಜೂಕ ಸರೀತಾರ” ಎಂದಳು. ಎದುರಿಗೆ ಬಂದದ್ದು ಏನು ಹೊತ್ತಿದೆ ಎಂದು ಇದಕ್ಕೆ ಹೇಗೆ ತಿಳಿಸಬೇಕೆಂಬ ಚರ್ಚೆ ಅಲ್ಲೇ ಶುರುವಾಯಿತು. ಶಾಲೆಗೆ ಬೀಗ ಹಾಕಲು ಬಂದ ಜವಾನರು ನಮ್ಮನ್ನು ಎಬ್ಬಿಸಿ ಕಳಿಸಿದರು.