ಕೊಳವೆಬಾವಿಯ ಬಿಲ್ಲಿನಲ್ಲೊಂದು ಸಮಾಂತರ ಶ್ರೇಢಿ

ಚಿಂತಾಮಣಿ ತಾಲ್ಲೂಕಿನ ನಮ್ಮ ಊರಿನಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಸಮಾಂತರ ಶ್ರೇಢಿಯನ್ನು, ಅಂದರೆ ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಸಾಲನ್ನು, ಹೇಳಿಕೊಡಲು ಬೋರ್‌ವೆಲ್ ಬಿಲ್ಲಿಗಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ. ಸಾವಿರ ಅಡಿ ಕೊರೆದರೂ ಬರೀ ಧೂಳೇ ಬರುವ ಜಾಗಗಳಿರುವ ಈ ಸೀಮೆಯಲ್ಲಿ, ಒಂದಷ್ಟು ಆಳದವರೆಗೆ ಒಂದೇ ದರವಿದ್ದು ಆಮೇಲೆ ಪ್ರತಿ 100 ಅಡಿಗೂ ಅಡಿಯ ದರ ಏರುತ್ತ ಹೋಗುತ್ತದೆಂಬುದು ಮನೆಮನೆಗೂ ಗೊತ್ತಿರುವ ಸಂಗತಿ.

ಅಕ್ಕನ ಮಗಳಿಗೆ ನಾನು ಕೊಟ್ಟ ಲೆಕ್ಕದ ದರಗಳು ಸುಲಭವಾಗಲೆಂದು ನಾನೇ ಹಿಡಿದವು. ಮೊದಲ 300 ಅಡಿಗೆ ಅಡಿಯೊಂದಕ್ಕೆ 90 ರೂಪಾಯಿ, ಮುಂದಿನ 100 ಅಡಿಗೆ 100 ರೂಪಾಯಿ, ಅದರ ಮುಂದಿನ 100 ಅಡಿಗೆ 110, ಹೀಗೆಯೇ ಏರಿಕೆ. ಕೇಸಿಂಗ್ ಪೈಪಿನ ಖರ್ಚನ್ನು ಬಿಟ್ಟು, 1000 ಅಡಿ ಕೊರೆಸಿದರೆ ಎಷ್ಟಾಗುತ್ತದೆ?

ಅವಳು ಪ್ರಶ್ನೆಯನ್ನು ಪೂರ್ತಿ ಓದುವ ಮೊದಲೇ ಸೂತ್ರ ಬರೆದು, ಮೊದಲ 100 ಅಡಿಯ ಖರ್ಚಾದ 9,000ವನ್ನು ಮೊದಲ ಪದವೆಂದೂ 1,000ವನ್ನು ಸಾಮಾನ್ಯ ವ್ಯತ್ಯಾಸವೆಂದೂ ಹಿಡಿದು, ಹತ್ತು ಪದಗಳ ಮೊತ್ತ 1,35,000 ಎಂದು ಉತ್ತರ ಕೊಟ್ಟಳು. ಕೂಡಿದ್ದು ಸರಿಯೇ, ಆದರೆ ಮೊದಲ 300 ಅಡಿಯಲ್ಲಿ ಏರಿಕೆಯೇ ಇಲ್ಲದಿರುವುದರಿಂದ ಅದು ಶ್ರೇಢಿಗೆ ಸೇರುವುದಿಲ್ಲ. ಅದರ 27,000ವನ್ನು ಪಕ್ಕಕ್ಕಿಟ್ಟರೆ ಉಳಿಯುವುದು 10,000ದಿಂದ ಶುರುವಾಗುವ ಏಳು ಪದಗಳು ಮಾತ್ರ. ಅದನ್ನು ಒಪ್ಪಿಕೊಂಡ ಮೇಲೆ ಇನ್ನೊಂದು ತಪ್ಪು: ಏಳನೇ ಪದ 17,000 ಎಂದಳು. ದ್ರಾಕ್ಷಿ ಚಪ್ಪರಕ್ಕೆ ಒಂದು ಸಾಲಿನಲ್ಲಿ ಏಳು ಕಲ್ಲುಕಂಬ ನೆಟ್ಟರೆ ನಡುವಿನ ಅಂತರಗಳೆಷ್ಟು ಎಂದು ಕೇಳಿದೆ. "ಆರು, ಮಾವ" ಎಂದವಳು ತಾನೇ ಅದನ್ನು 16,000ಕ್ಕೆ ತಿದ್ದಿಕೊಂಡಳು. ಸೂತ್ರದೊಳಗಿನ 'ಎನ್ ಕಳೆ ಒಂದು', ಅಂದರೆ ಪದಗಳ ಸಂಖ್ಯೆಗಿಂತ ಒಂದು ಕಡಿಮೆ, ಎಂಬುದನ್ನು ಬಾಯಿಪಾಠ ಮಾಡಿದವರೇ ಅದನ್ನು ಹೆಚ್ಚಾಗಿ ಮರೆಯುತ್ತಾರೆ.

ಕೂಡುವುದಕ್ಕೆ ಇಲ್ಲಿ ಸೂತ್ರವೂ ಬೇಕಿಲ್ಲ. ಪದಗಳ ಸಂಖ್ಯೆ ಬೆಸವಾಗಿರುವುದರಿಂದ ನಡುವಿನ ಪದವಾದ 13,000ವೇ ಸರಾಸರಿ; ಏಳರಿಂದ ಗುಣಿಸಿದರೆ 91,000, ಪಕ್ಕಕ್ಕಿಟ್ಟ ಮೊತ್ತ ಸೇರಿ 1,18,000. ಅವಳ ಮೊದಲ ಉತ್ತರಕ್ಕೂ ಇದಕ್ಕೂ 17,000 ರೂಪಾಯಿ ಅಂತರ, ಸಾಲ ಮಾಡಿ ಕೊರೆಸುವವರಿಗೆ ಅದೇನು ಸಣ್ಣದಲ್ಲ.

ಅದೇ ಲೆಕ್ಕವನ್ನು ತಿರುಗಿಸಿ, ಬಿಲ್ಲು 75,800 ಆಗಿದ್ದರೆ ನೀರು ಸಿಕ್ಕ ಆಳವೆಷ್ಟು ಎಂದು ಕೇಳಿದೆ. 27,000 ಕಳೆದರೆ 48,800. ಮೊದಲ ನಾಲ್ಕು ಪದಗಳಿಗೆ 46,000 ಹೋದರೆ ಮಿಕ್ಕುವುದು 2,800. ಐದನೆಯ ಹಂತದ ದರ 140, ಅಲ್ಲಿ ಕೊರೆದ ಅಡಿಗಳು ಎಕ್ಸ್ ಎಂದರೆ 140 ಎಕ್ಸ್ ಸಮ 2,800, ಅಂದರೆ 20 ಅಡಿ. ಒಟ್ಟು ಆಳ 720 ಅಡಿ. ಅವಳು ಎಕ್ಸ್ ಎಂದರೆ ಒಟ್ಟು ಆಳವೆಂದು ಬರೆದುಕೊಂಡು ತುಸು ಹೊತ್ತು ಒದ್ದಾಡಿದ್ದಳು. ಯಾವ ಅಕ್ಷರ ಯಾವುದಕ್ಕೆ ನಿಂತಿದೆಯೆಂದು ಒಂದು ವಾಕ್ಯ ಬರೆಯದೆ ಸಮೀಕರಣಕ್ಕೆ ಕೈಹಾಕುವುದನ್ನು ನಾನು ಒಪ್ಪುವುದಿಲ್ಲ.

ಎರಡು ಅಕ್ಷರಗಳ ಸಮೀಕರಣಕ್ಕೆ ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯರ ಲೆಕ್ಕವೊಂದನ್ನು ಕೊಟ್ಟೆ. ಸುಮಾರು ಕ್ರಿ.ಶ. 850ರ ಅವರ ಗಣಿತಸಾರಸಂಗ್ರಹದಲ್ಲಿ 9 ಮಾದಳದ ಹಣ್ಣಿಗೂ 7 ಬೇಲದ ಹಣ್ಣಿಗೂ ಸೇರಿ 107, 7 ಮಾದಳಕ್ಕೂ 9 ಬೇಲಕ್ಕೂ ಸೇರಿ 101 ಎಂದಿದ್ದು, ಒಂದೊಂದರ ಬೆಲೆಯನ್ನು ಕೇಳಲಾಗಿದೆ. ಅವಳು ಒಂದು ಅಕ್ಷರವನ್ನು ತೆಗೆದುಹಾಕುವ ವರ್ಜಿಸುವ ವಿಧಾನದಂತೆ ಒಂದನ್ನು 7ರಿಂದ, ಇನ್ನೊಂದನ್ನು 9ರಿಂದ ಗುಣಿಸಿ, 749 ಮತ್ತು 909ರ ನಡುವೆ ಹೆಣಗಿ ಉತ್ತರ ತಂದಳು. ನಾನು ಎರಡನ್ನೂ ಸುಮ್ಮನೆ ಕೂಡಿ ತೋರಿಸಿದೆ: ಒಂದು ಮಾದಳ, ಒಂದು ಬೇಲ ಸೇರಿದ ಹದಿನಾರು ಜೋಡಿಗೆ 208, ಆದ್ದರಿಂದ ಒಂದು ಜೋಡಿಗೆ 13. ಒಂದರಿಂದ ಇನ್ನೊಂದನ್ನು ಕಳೆದರೆ ಎರಡು ಹಣ್ಣುಗಳ ಬೆಲೆಯ ವ್ಯತ್ಯಾಸದ ಎರಡರಷ್ಟು 6, ಆದ್ದರಿಂದ ವ್ಯತ್ಯಾಸ 3. ಮಾದಳ 8, ಬೇಲ 5. ಅವಳು ಪುಸ್ತಕ ಮುಚ್ಚಲಿಲ್ಲ. 72ಕ್ಕೆ 35 ಕೂಡಿ 107 ಬಂತೆಂದು ತಾಳೆ ನೋಡಿ, ಕೆಳಗಿನ ಸಾಲನ್ನೂ ಹಾಗೆಯೇ ನೋಡತೊಡಗಿದಳು.