ರೆಕ್ಕೆಯಡಿ ಒಂದು ನೀಲಿ ಕಲೆ

ಏಪ್ರಿಲ್‌ನ ಒಂದು ಶನಿವಾರ. ಹ್ಯಾಂಗರ್ ಬಾಗಿಲು ಸರಿಸಿ, ಹಾರುವ ಮುಂಚೆ ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದೆ. ಎಡ ರೆಕ್ಕೆಯಡಿ ಕುಕ್ಕರುಗಾಲಲ್ಲಿ ಕೂತು ಪೆಟ್ರೋಲ್ ಸ್ಯಾಂಪಲ್ ಹಿಡಿಯುವಾಗ ಕಣ್ಣಿಗೆ ಬಿತ್ತು. ಬಿಳಿ ಬಣ್ಣದ ಮೇಲೆ, ಒಂದೇ ಒಂದು ರಿವೆಟ್ಟಿನ ಸುತ್ತ, ಎಂಟಾಣೆ ಅಗಲದ ನೀಲಿ ಕಲೆ. ಸ್ಕೂಲಿನ ದಿನಗಳಲ್ಲಿ ಇಂಕ್ ಪೆನ್ನು ಅಂಗಿ ಜೇಬಲ್ಲಿ ಸೋರುತ್ತಿತ್ತಲ್ಲ, ಥೇಟ್ ಹಾಗೇ.

ಸಣ್ಣ ವಿಮಾನಗಳಿಗೆ ಹಾಕುವ 100 ಎಲ್‌ಎಲ್ ಪೆಟ್ರೋಲಿಗೆ ಗುರುತಿಗೆಂದು ನೀಲಿ ಬಣ್ಣ ಬೆರೆಸಿರುತ್ತಾರೆ. ಪೆಟ್ರೋಲ್ ಆರಿಹೋಗುತ್ತದೆ, ಬಣ್ಣ ಕೂತುಬಿಡುತ್ತದೆ. ಅಂದರೆ ನನ್ನ ಟ್ಯಾಂಕ್ ಸೋರುತ್ತಿತ್ತು. ತೊಟ್ಟಿಕ್ಕುವಷ್ಟಲ್ಲ, ಜಿನುಗುವಷ್ಟು. ಆವತ್ತಿನ ಹಾರಾಟ ಅಲ್ಲಿಗೆ ಮುಗಿಯಿತು.

ಈ ವಿಮಾನ ನಾನೇ ಕಟ್ಟಿದ್ದು. ಆರ್‌ವಿ-9ಎ, ಎರಡು ಸೀಟು, ಮುಂದೆ 160 ಅಶ್ವಶಕ್ತಿಯ ಲೈಕಮಿಂಗ್ ಇಂಜಿನ್ನು. ಕಿಟ್ ಮಾಡುವ ವ್ಯಾನ್ಸ್ ಕಂಪನಿ ಇರುವುದು ಇಲ್ಲೇ ಆರೆಗಾನ್‌ನ ಅರೋರಾದಲ್ಲಿ. ಕಿಟ್ ಅಂದರೆ ಅಲ್ಯೂಮಿನಿಯಂ ಹಾಳೆ, ರೆಕ್ಕೆಯೊಳಗೆ ಪಕ್ಕೆಲುಬಿನಂತೆ ಕೂರುವ ರಿಬ್ಬು, ಬ್ರಾಕೆಟ್ಟು, ಚೀಲಗಟ್ಟಲೆ ರಿವೆಟ್ಟು, ದೊಡ್ಡ ನಕ್ಷೆಗಳ ಒಂದು ಸುರುಳಿ. ಮಿಕ್ಕಿದ್ದೆಲ್ಲ ನಮ್ಮ ತಲೆನೋವು. ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳೇ ಮಾಡಿರಬೇಕು ಅನ್ನುವುದು ಅಮೆರಿಕದ ವಿಮಾನಯಾನ ಇಲಾಖೆಯ ನಿಯಮ. ಅದಕ್ಕೆ ಪುರಾವೆಯಾಗಿ ಯಾವ ದಿನ ಏನು ಮಾಡಿದೆ ಅಂತ ಫೋಟೋ ಸಮೇತ ದಿನಚರಿ ಬರೆದಿಡುತ್ತೇವೆ. ಒಳಗೆ ಹತ್ತುವ ಜಾಗದಲ್ಲಿ ‘ಎಕ್ಸ್‌ಪೆರಿಮೆಂಟಲ್’ ಅಂತ ಎರಡು ಇಂಚಿನ ಅಕ್ಷರದಲ್ಲಿ ಬರೆಸುವುದೂ ಕಡ್ಡಾಯ. ಅರಸೀಕೆರೆಯಿಂದ ಬಂದಿದ್ದ ಅಮ್ಮ ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ, “ಪ್ರಯೋಗ ಅಂತಲೇನೋ? ಯಾರ ಮೇಲೆ?” ಅಂದಿದ್ದರು. ಆಮೇಲೆ ಹತ್ತಿದರು, ಅದು ಬೇರೆ ಮಾತು. ಮೇಲಿರುವಷ್ಟು ಹೊತ್ತೂ ಕಣ್ಣು ಮುಚ್ಚಿ ಆಂಜನೇಯನ ಸ್ಮರಣೆ.

ಕಾರಾಗಿದ್ದರೆ ಶೋರೂಮಿಗೆ ಹೋಗಿ ಜಗಳ ಆಡಬಹುದಿತ್ತು. ಇಲ್ಲಿ ಶೋರೂಮೂ ನಾನೇ, ಮೆಕ್ಯಾನಿಕ್ಕೂ ನಾನೇ. ಕಟ್ಟಿದವನಿಗೆ ರಿಪೇರ್‌ಮನ್ ಅಂತ ಒಂದು ಸರ್ಟಿಫಿಕೇಟ್ ಕೊಡುತ್ತಾರೆ, ವರ್ಷಕ್ಕೊಮ್ಮೆಯ ತಪಾಸಣೆಗೂ ನಾನೇ ಸಹಿ ಹಾಕಬಹುದು. ಅದು ಸಿಕ್ಕ ದಿನ ಬೀಗಿದ್ದೆ. ಈಗ ಬೈಯೋಣ ಅಂದರೆ ಒಬ್ಬ ಮನುಷ್ಯ ಸಿಗಲಿಲ್ಲ.

ರಾತ್ರಿ ಹಳೇ ದಿನಚರಿ ತೆಗೆದೆ. 2016, ಸೆಪ್ಟೆಂಬರ್ 5. “ಎಡ ಟ್ಯಾಂಕ್, ಹೊರಗಿನ ಎರಡು ರಿಬ್. ಪ್ರೋಸೀಲ್, ರಿವೆಟ್. 4 ಗಂಟೆ.” ಅಷ್ಟೇ. ಫೋಟೋದಲ್ಲಿ ನಾನು ಕಪ್ಪು ಮೆತ್ತಿದ ಕೈಗವಸು ತೋರಿಸಿ ಹಲ್ಲು ಬಿಡುತ್ತಿದ್ದೇನೆ. ಹೆಂಡತಿ ಪಕ್ಕದಲ್ಲಿ ಬಂದು ಇಣುಕಿದಳು.

“ರೀ, ಇದು ಗಣೇಶನ ಹಬ್ಬದ ದಿನ ಅಲ್ವಾ? ಲೇಬರ್ ಡೇ ರಜ ಇತ್ತು. ಸಂಜೆ ನಾಲ್ಕು ಮನೆಯವರು ಊಟಕ್ಕೆ ಬರೋರಿದ್ರು. ನೀವು ಗ್ಯಾರೇಜಿಂದ ಆಚೆ ಬರ್ಲೇ ಇಲ್ಲ. ಬಂದಾಗ ಕೊಳೆತ ಮೊಟ್ಟೆ ವಾಸನೆ!”

ಎಲ್ಲ ನೆನಪಿಗೆ ಬಂತು. ಪ್ರೋಸೀಲ್ ಅನ್ನುವುದು ಗಂಧಕದ ನಾತ ಹೊಡೆಯುವ ಅಂಟು. ಬಿಳಿಯದು ಹತ್ತು ಪಾಲು, ಕರಿಯದು ಒಂದು ಪಾಲು, ತೂಕ ಮಾಡಿಯೇ ಕಲಸಬೇಕು. ಕಲಸಿದ ಕ್ಷಣದಿಂದ ಅದು ಗಟ್ಟಿಯಾಗಲು ಶುರು, ಕೈಯಲ್ಲಿ ಹೆಚ್ಚೆಂದರೆ ಎರಡು ಗಂಟೆ. ಅಷ್ಟರಲ್ಲಿ ರಿಬ್ಬಿಗೆ ಸವರಿ, ರಿವೆಟ್ ಹೊಡೆದು, ಒಳಮೂಲೆಯ ಉದ್ದಕ್ಕೂ ಅಂಟನ್ನು ಬೆರಳಲ್ಲಿ ತೀಡಬೇಕು, ಗಾಳಿ ಸಿಕ್ಕಿಕೊಳ್ಳದ ಹಾಗೆ. ನಾನು ಕೊನೆಯ ರಿಬ್ಬಿಗೆ ಬರುವ ಹೊತ್ತಿಗೆ ಅಂಟು ನೂಲು ನೂಲಾಗಿ ಎಳೆಯುತ್ತಿತ್ತು. ಬಾಗಿಲ ಬಳಿ ಚಪ್ಪಲಿ ಸದ್ದು ಕೇಳುತ್ತಿತ್ತು. ಹೊಸದಾಗಿ ಕಲಸಬೇಕಿತ್ತು. ಕಲಸಲಿಲ್ಲ. ದಿನಚರಿಯಲ್ಲಿ ಅದನ್ನು ಬರೆಯಲೂ ಇಲ್ಲ.

ಟ್ಯಾಂಕ್ ಬಿಚ್ಚಲು ಒಂದು ವಾರಾಂತ್ಯ ಪೂರ್ತಿ ಬೇಕಾಯಿತು. ಈ ವಿಮಾನದಲ್ಲಿ ರೆಕ್ಕೆಯ ಮುಂಭಾಗವೇ ಟ್ಯಾಂಕು, ಒಂದೊಂದರಲ್ಲಿ 18 ಗ್ಯಾಲನ್, ನಮ್ಮ ಲೆಕ್ಕದಲ್ಲಿ 68 ಲೀಟರ್. ಮೇಲೆ ಕೆಳಗೆ ಸಾಲು ಸ್ಕ್ರೂ, ಹಿಂದೆ ಕೈ ಹೋಗದ ಸಂದಿಗಳಲ್ಲಿ ಬೋಲ್ಟು. ಬರಿದು ಮಾಡಿ, ಮುಚ್ಚಳ ತೆಗೆದು ಒಂದು ವಾರ ಗಾಳಿಗೆ ಬಿಟ್ಟೆ. ಆವಿ ಉಳಿದರೆ ಖಾಲಿ ಟ್ಯಾಂಕೇ ಹೆಚ್ಚು ಅಪಾಯ.

ಅರಸೀಕೆರೆಯಲ್ಲಿ ದೊಡ್ಡಪ್ಪನದು ಸೈಕಲ್ ಶಾಪ್. ಬೇಸಿಗೆ ರಜೆಯಲ್ಲಿ ನನ್ನ ಕೆಲಸ, ಗಾಳಿ ತುಂಬಿದ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುವುದು. ಮೂವತ್ತೈದು ವರ್ಷ ಆದಮೇಲೆ ಮತ್ತೆ ಅದೇ ಕೆಲಸ. ಟ್ಯಾಂಕಿನ ಒಂದು ಬಾಯಿಗೆ ಟ್ಯೂಬಿನದೇ ಜಾತಿಯ ವಾಲ್ವು, ಇನ್ನೊಂದಕ್ಕೆ ಹುಟ್ಟುಹಬ್ಬದ ಬಲೂನು, ಸೈಕಲ್ ಪಂಪಿನಲ್ಲಿ ನಾಜೂಕಾಗಿ ನಾಲ್ಕು ಸಲ ಒತ್ತಿದರೆ ಬಲೂನು ಎದ್ದು ನಿಲ್ಲುತ್ತದೆ. ಒತ್ತಡ ಹೆಚ್ಚಾದರೆ ಟ್ಯಾಂಕ್ ಉಬ್ಬಿ ಹಾಳಾಗುತ್ತದೆ, ಬಲೂನಿದ್ದರೆ ಆ ಭಯವಿಲ್ಲ. ಸೋಪಿನ ನೀರು ಚಿಮುಕಿಸಿದೆ. ಅದೇ ರಿವೆಟ್ಟಿನ ಸುತ್ತ ಸಾಸಿವೆ ಕಾಳಿನಷ್ಟು ನೊರೆ, ನಿಧಾನಕ್ಕೆ ಒಂದಾದ ಮೇಲೊಂದು.

ಆದರೆ ಸೈಕಲ್ ಟ್ಯೂಬಿನಲ್ಲಿ ಗುಳ್ಳೆ ಬಂದಲ್ಲೇ ತೂತು. ಇಲ್ಲಿ ಹಾಗಲ್ಲ. ಪೆಟ್ರೋಲ್ ಒಳಗೆ ಒಂದು ಕಡೆ ನುಸುಳಿ, ರಿಬ್ಬಿನ ಅಂಚಿಗುಂಟ ಹರಿದು, ಇನ್ನೆಲ್ಲೋ ಹೊರಬೀಳಬಹುದು. ಪೆಟ್ರೋಲ್ ತುಂಬುವ ಬಾಯಿಂದ ಬೋರೋಸ್ಕೋಪ್, ಅಂದರೆ ತುದಿಯಲ್ಲಿ ಪುಟ್ಟ ಕ್ಯಾಮೆರಾ ಇರುವ ತೆಳು ಕೊಳವೆ, ಇಳಿಸಿ ಹುಡುಕಿದೆ. ರಿವೆಟ್ಟಿನಿಂದ ಒಂದು ಗೇಣು ಆಚೆ, ಕೊನೆಯ ರಿಬ್ಬಿನ ಮೂಲೆಯಲ್ಲಿ ಅಂಟು ನಯವಾಗಿ ಕೂರದೆ ತರಿತರಿಯಾಗಿತ್ತು. ನಡುವೆ ಒಡೆದ ಗಾಳಿಗುಳ್ಳೆಯ ಗುಣಿ. ಅಂಚಿನಲ್ಲಿ ನನ್ನ ಬೆರಳಿನ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು, ಅರ್ಧಕ್ಕೇ ನಿಂತದ್ದು.

ಟ್ಯಾಂಕಿನ ಹಿಂಗೋಡೆಯಲ್ಲಿ ಕೈ ಹಿಡಿಯುವಷ್ಟು ಗುಂಡನೆ ಕತ್ತರಿಸದೆ ದಾರಿ ಇರಲಿಲ್ಲ. ವಾರಗಟ್ಟಲೆ ಕೂತು ಮಾಡಿದ್ದಕ್ಕೆ ನಾವೇ ತೂತು ಕೊರೆಯುವಾಗ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳಲಾರೆ. ಚೂರುಗಳನ್ನೆಲ್ಲ ವ್ಯಾಕ್ಯೂಮಿನಲ್ಲಿ ಎಳೆದು, ಹಳೇ ಅಂಟು ಕೆರೆದು, ಒರೆಸಿ, ಮತ್ತೆ ಒರೆಸಿ, ಹೊಸದಾಗಿ ಕಲಸಿದ ಅಂಟು ತೀಡಿದೆ. ಒಂದು ರಿಬ್ಬಿಗೆ ಒಂದು ಬಟ್ಟಲು, ಮಿಕ್ಕಿದ್ದು ಕಸಕ್ಕೆ. “ಸಲ್ಯೂಷನ್ ಒಣಗಲಿ ತಡಿಯೋ, ಟ್ಯೂಬೇನು ಓಡಿಹೋಗುತ್ತಾ?” ಅಂತ ದೊಡ್ಡಪ್ಪ ಗದರುತ್ತಿದ್ದದ್ದು ಕಿವಿಯಲ್ಲಿತ್ತು. ತೂತಿಗೆ ಅಲ್ಯೂಮಿನಿಯಂ ತಟ್ಟೆ ಮುಚ್ಚಿ, ಅದಕ್ಕೂ ಅಂಟು, ರಿವೆಟ್ಟು. ಒಂದು ವಾರ ಮುಟ್ಟಲಿಲ್ಲ.

ಮತ್ತೆ ಬಲೂನು ಕಟ್ಟಿ ರಾತ್ರಿ ಮನೆಗೆ ಬಂದೆ. ಬೆಳಿಗ್ಗೆ ಆರಕ್ಕೆ ಹೋಗಿ ನೋಡಿದರೆ ಬಲೂನು ಒಣಗಿದ ಬದನೆಕಾಯಿಯಂತೆ ಜೋತುಬಿದ್ದಿದೆ. ಎದೆ ಧಸಕ್ಕೆಂದಿತು. ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡು ಎದುರಿಗೇ ಕೂತೆ. ಹತ್ತು ಗಂಟೆಗೆ ತಗಡಿನ ಚಾವಣಿ ಕಾದ ಹಾಗೆ ಬಲೂನು ತಾನಾಗಿ ಒಂದೊಂದೇ ಸುಕ್ಕು ಬಿಡಿಸಿಕೊಂಡಿತು. ರಾತ್ರಿಯ ಚಳಿಗೆ ಒಳಗಿನ ಗಾಳಿ ಕುಗ್ಗಿತ್ತು, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ನಿನ್ನೆಯಷ್ಟೇ ದಪ್ಪ.

ಜೂನ್‌ನಲ್ಲಿ ಮತ್ತೆ ಹಾರಿದೆ. ಇಳಿದ ಮೇಲೆ ಹೆಂಡತಿ ಟಾರ್ಚ್ ಹಿಡಿದು ತಾನೇ ರೆಕ್ಕೆಯಡಿ ನುಗ್ಗಿದಳು. ಎಡಗಡೆ ಒಣಗಿತ್ತು. ಬಲಗಡೆಯೂ ಒಣಗಿತ್ತು. ಆದರೂ ಅಲ್ಲಿಂದಲೇ ಕೇಳಿದಳು: “ಈ ಟ್ಯಾಂಕ್ ಯಾವತ್ತು ಮಾಡಿದ್ದು?”

ಮನೆಗೆ ಬಂದು ದಿನಚರಿ ತಿರುವಿದೆ. 2016, ಆಗಸ್ಟ್ 11. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ.