ರಟ್ಟಿನ ರೈಬೋಸೋಮ್, ಮೂರನೇ ವಾರ: ತಪ್ಪು ಮಣಿ

ರಟ್ಟು, ಮಣಿ, ದಾರದಲ್ಲಿ ರೈಬೋಸೋಮ್ (ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ಯಂತ್ರ) ಮಾಡಲು ಕೂತು ಮೂರು ವಾರ ಆಯ್ತು. ಒಂದೊಂದು ಮಣಿಯೂ ಒಂದೊಂದು ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಸರಪಳಿಯ ಒಂದು ಕೊಂಡಿ. ಎಂಆರ್‌ಎನ್‌ಎ ಪಟ್ಟಿಗೆ, ಅಂದರೆ ರೈಬೋಸೋಮ್ ಓದುವ ಸೂಚನೆಯ ಪಟ್ಟಿಗೆ, ಆರಿಸಿಕೊಂಡದ್ದು ಮನುಷ್ಯರ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಮೊದಲ 10 ಕೋಡಾನ್. ಒಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರು ಅಕ್ಷರವೇ ಒಂದು ಕೋಡಾನ್, ಒಟ್ಟು 30 ಅಕ್ಷರ. ಜಿ-ಎ-ಜಿ ಎರಡು ಸಲ ಬರುತ್ತದೆ, ಹಾಗಾಗಿ 9 ಬಗೆಯ ಟಿಆರ್‌ಎನ್‌ಎ ಕಾರ್ಡ್ ಸಾಕಾಯಿತು. ಕೋಡಾನ್‌ಗೆ ಹೊಂದುವ ಮೂರು ಅಕ್ಷರ ಇಟ್ಟುಕೊಂಡು, ಅದರ ಅಮೈನೋ ಆಮ್ಲವನ್ನು ಹೊತ್ತು ತರುವ ಅಣುವೇ ಟಿಆರ್‌ಎನ್‌ಎ.

ಮೊದಲ ವಾರ ದಿಕ್ಕಿನ ಗೊಂದಲದಲ್ಲೇ ಹೋಯಿತು. ಟಿಆರ್‌ಎನ್‌ಎ ಪಟ್ಟಿಗೆ ಎದುರು ದಿಕ್ಕಿನಲ್ಲಿ ಕೂರುತ್ತದೆ, ಎ ಎದುರು ಯು, ಜಿ ಎದುರು ಸಿ. ಎ-ಯು-ಜಿ ಕೆಳಗಿದ್ದರೆ ಅದರ ಮೇಲೆ ಯು-ಎ-ಸಿ ಕಾಣುತ್ತದೆ, ಆದರೆ ಕಾರ್ಡಿನ ಆರಂಭದ ತುದಿಯಿಂದ ಓದಿದರೆ ಅದೇ ಸಿ-ಎ-ಯು. ಈಗ ಎಲ್ಲ ಕಾರ್ಡಿಗೂ ಬಾಣದ ಗುರುತು ಹಾಕಿದ್ದೇನೆ.

ಎರಡನೇ ವಾರ ಸರಪಳಿ ಬೆಳೆಯುವ ಕೆಲಸ. ಹೊಸ ಮಣಿ ಹೋಗಿ ಹಳೆಯ ಸರಪಳಿಯ ತುದಿಗೆ ಸೇರುತ್ತದೆ ಎಂದುಕೊಂಡೇ ಕೊಕ್ಕೆ ಕಟ್ಟಿದ್ದೆ. ನಿಜವಾಗಿ ನಡೆಯುವುದು ತಿರುಗಾಮುರುಗಾ. ಪಕ್ಕದ ಜಾಗಕ್ಕೆ ಒಂದೇ ಒಂದು ಅಮೈನೋ ಆಮ್ಲ ಹೊತ್ತ ಟಿಆರ್‌ಎನ್‌ಎ ಬಂದು ಕೂರುತ್ತದೆ. ಅಲ್ಲಿಯವರೆಗೆ ಬೆಳೆದ ಇಡೀ ಸರಪಳಿ ಎದ್ದು ಅದರ ಮೇಲೆ ಬಂದು ಕೂಡಿಕೊಳ್ಳುತ್ತದೆ. ನೂರು ಮಣಿಯ ಸರಪಳಿಯಾದರೂ ಹೀಗೇ. ಖಾಲಿಯಾದ ಹಳೆಯ ಟಿಆರ್‌ಎನ್‌ಎ ಆಚೆ ಹೋಗುತ್ತದೆ. ಕೊಕ್ಕೆಯನ್ನು ಮಣಿಯ ಇನ್ನೊಂದು ಬದಿಗೆ ಹಾಕಿದ ಮೇಲೆ ಸರಪಳಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನೋಡೋಕೆ ಎಷ್ಟು ಚೆಂದ ಗೊತ್ತಾ!

ಈ ವಾರ ಪೂರ್ತಿ ಓಡಿಸಿದೆ. ಹತ್ತೂ ಕೋಡಾನ್ ಸರಿಯಾಗಿ ಕೂತವು. ಸರಪಳಿ ಎತ್ತಿ ಎಣಿಸಿದರೆ ನಾಲ್ಕನೆಯದು ಲ್ಯೂಸಿನ್‌ನ ಹಸಿರು ಮಣಿ ಇರಬೇಕಿತ್ತು, ಪ್ರೋಲಿನ್‌ನ ಹಳದಿ ಇತ್ತು. ಲ್ಯೂಸಿನ್ ಕಾರ್ಡಿಗೆ ನಾನೇ ತಪ್ಪು ಮಣಿ ಸಿಕ್ಕಿಸಿದ್ದೆ. ರಟ್ಟಿನ ರೈಬೋಸೋಮ್ ಎಲ್ಲೂ ತಡೆಯಲಿಲ್ಲ. ಮೂರು ಅಕ್ಷರ ಹೊಂದಿದವು, ಒಳಗೆ ಬಿಟ್ಟಿತು.

ಜೀವಕೋಶದಲ್ಲೂ ಹೆಚ್ಚುಕಡಿಮೆ ಇದೇ ಕಥೆ. 1962ರಲ್ಲಿ ವಿಜ್ಞಾನಿಗಳು ಸಿಸ್ಟೀನ್ ಹೊತ್ತ ಟಿಆರ್‌ಎನ್‌ಎ ತೆಗೆದುಕೊಂಡು, ನಿಕ್ಕಲ್ ಬಳಸಿ ಆ ಸಿಸ್ಟೀನ್‌ನಲ್ಲಿದ್ದ ಗಂಧಕ ತೆಗೆದುಹಾಕಿದರು. ಟಿಆರ್‌ಎನ್‌ಎ ಅದೇ, ಹೊತ್ತದ್ದು ಮಾತ್ರ ಈಗ ಅಲನೀನ್. ರೈಬೋಸೋಮ್ ಸಿಸ್ಟೀನ್ ಇರಬೇಕಾದ ಜಾಗದಲ್ಲಿ ಅಲನೀನ್ ಜೋಡಿಸಿತು. ಅದು ನೋಡುವುದು ಅಕ್ಷರ ಹೊಂದುತ್ತದಾ ಅನ್ನುವುದನ್ನು, ಹೊರೆಯನ್ನಲ್ಲ.

ಹಾಗಾದರೆ ಯಾವ ಕೋಡಾನ್‌ಗೆ ಯಾವ ಅಮೈನೋ ಆಮ್ಲ ಎಂದು ನಿಜವಾಗಿ ತಿಳಿದಿರುವುದು ಯಾರಿಗೆ? ಟಿಆರ್‌ಎನ್‌ಎಗೆ ಹೊರೆ ಏರಿಸುವ ಕಿಣ್ವಗಳಿಗೆ. ಸಾಮಾನ್ಯವಾಗಿ 20 ಅಮೈನೋ ಆಮ್ಲಕ್ಕೆ 20 ಬಗೆ. ನನ್ನ ಮಾದರಿಯಲ್ಲಿ ಈ ಭಾಗವೇ ಇರಲಿಲ್ಲ, ಆ ಕೆಲಸವನ್ನು ಸುಮ್ನೆ ಕೈಯಲ್ಲೇ ಮಾಡುತ್ತಿದ್ದೆ! ಮಾದರಿಯ ಅತಿ ಮುಖ್ಯ ಭಾಗ ಇದೇ ಎಂದು ಈಗ ಅನ್ನಿಸುತ್ತಿದೆ.

ನಿನ್ನೆಯಿಂದ ವ್ಯಾಲೀನ್‌ನ ಕಿಣ್ವ ಮಾಡುತ್ತಿದ್ದೇನೆ. ಇದನ್ನೇ ಮೊದಲು ಹಿಡಿದದ್ದಕ್ಕೆ ಕಾರಣ ಇದೆ. ವ್ಯಾಲೀನ್, ಥ್ರಿಯೋನಿನ್ ಎರಡೂ ಒಂದೇ ಅಳತೆ, ಆಕಾರವೂ ಒಂದೇ ಥರ. ಎರಡೂ ನನ್ನ ಹತ್ತು ಮಣಿಗಳಲ್ಲಿವೆ. ನಿಜವಾದ ಕಿಣ್ವಕ್ಕೂ ಕೆಲವು ಸಲ ತಪ್ಪಿ ಥ್ರಿಯೋನಿನ್ ಏರಿಬಿಡುತ್ತದೆ. ಅದಕ್ಕೇ ಅದರಲ್ಲಿ ಎರಡನೇ ಗೂಡೊಂದಿದೆ. ಥ್ರಿಯೋನಿನ್ ಆ ಗೂಡಿಗೆ ಹೊಂದಿ ಕೂರುತ್ತದೆ, ಕಿಣ್ವ ಅದನ್ನು ಕತ್ತರಿಸಿ ಬಿಡಿಸುತ್ತದೆ. ವ್ಯಾಲೀನ್ ಆ ಗೂಡಿಗೆ ಹೊಂದುವುದಿಲ್ಲ, ಹಾಗಾಗಿ ಟಿಆರ್‌ಎನ್‌ಎ ಮೇಲೇ ಉಳಿದುಕೊಳ್ಳುತ್ತದೆ.

ಥ್ರಿಯೋನಿನ್ ಮಣಿಗೆ ಚಿಕ್ಕ ಕಬ್ಬಿಣದ ಚೂರು ಅಂಟಿಸಿ, ಎರಡನೇ ಗೂಡಿನೊಳಗೆ ಅಯಸ್ಕಾಂತ ಇಟ್ಟೆ. ಕಾರ್ಡ್ ತಳ್ಳಿದಾಗ ಥ್ರಿಯೋನಿನ್ ಟಕ್ ಎಂದು ಎಳೆದುಕೊಂಡು ಬಿಡುಗಡೆಯಾಗುತ್ತದೆ, ವ್ಯಾಲೀನ್ ಕಾರ್ಡಿನಲ್ಲೇ ಮುಂದೆ ಹೋಗುತ್ತದೆ. ಹತ್ತು ಸಲದಲ್ಲಿ ಎಂಟು ಸಲ ಸರಿ ಬಂತು. ಅಯಸ್ಕಾಂತ ಸ್ವಲ್ಪ ದೂರವಾಯಿತು ಅನ್ನಿಸುತ್ತದೆ. ನಾಳೆ ಒಂದು ಪದರ ರಟ್ಟು ಕೆರೆದು ಹತ್ತಿರ ತರುತ್ತೇನೆ.